ಚಿಪ್ಸ್, ಬಿಸ್ಕತ್ತು ಕಂಪನಿಗಳಿಗೆ ಒಂದು ಕಾಗೆಯ ಪರವಾಗಿ ಬಹಿರಂಗ ಪತ್ರ

ಮಾನ್ಯರೇ,

ಚಿಪ್ಸ್, ಬಿಸ್ಕತ್ತು, ಮಿಕ್ಸ್‌ಚರ್, ನೂಡಲ್ಸ್, ಬನ್ನು, ಐಸ್‌ಕ್ರೀಮ್ ಪಕ್ಕದಲ್ಲೇ ಕೂರುವ ಫ್ರೋಜನ್ ಡೆಸರ್ಟ್. ಇವನ್ನೆಲ್ಲ ಮಾಡಿ ಕರ್ನಾಟಕದ ಅಂಗಡಿಗಳಿಗೆ ಕಳಿಸುವ ನಿಮಗೆಲ್ಲ ಸೇರಿಸಿ ಈ ಪತ್ರ. ದೇಶವಿಡೀ ಮಾರುವ ದೊಡ್ಡವರಿಗೂ ಹೌದು, ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ ಹಾಕಿಕೊಂಡು ಎರಡು ಜಿಲ್ಲೆಗೆ ಸಪ್ಲೈ ಮಾಡುವವರಿಗೂ ಹೌದು. ನಾನು ನಿಮ್ಮ ಗಿರಾಕಿ. ಬೇಡಿಕೆ ಒಂದೇ. ನಿಮ್ಮ ಪ್ಯಾಕೆಟ್ಟಿನಲ್ಲಿರುವ ತಾಳೆ ಎಣ್ಣೆ ಯಾವ ಮಿಲ್ಲಿನಲ್ಲಿ ಹಿಂಡಿದ್ದು ಅಂತ ನಮಗೆ ತಿಳಿಸಿ.

ಇದನ್ನು ಕೇಳಲು ಕಾರಣ ಒಂದು ಕಾಗೆ. ನಗಬೇಡಿ, ಕಾಗೆ ಹಾರಿಸುತ್ತಿಲ್ಲ.

ನಮಗೆ ಕಾಗೆ ಅಂದರೆ ಕರೆಯದೆ ಬರುವ ಹಕ್ಕಿ. ಕಸದ ಗಾಡಿ ಬಂದರೆ ಬರುತ್ತದೆ, ಮೀನು ಮಾರ್ಕೆಟ್ಟಿಗೆ ಬರುತ್ತದೆ, ತಿಥಿ ದಿನ ಮಾತ್ರ ಎಷ್ಟು ಕೂಗಿದರೂ ಬರುವುದಿಲ್ಲ. ಅದಕ್ಕೇ ಕಾಗೆಯನ್ನು ಯಾರಾದರೂ ಕಾಪಾಡಬೇಕು ಅಂದರೆ ಎದುರಿಗಿದ್ದವರು ಮುಖ ಮುಖ ನೋಡುತ್ತಾರೆ. ಇಲಿ, ಬಾವಲಿಗಳ ಜೊತೆ ಕಾಗೆಯನ್ನೂ ಉಪದ್ರವದ ಪ್ರಾಣಿ ಅಂತ ನಮ್ಮ 1972ರ ವನ್ಯಜೀವಿ ಕಾಯ್ದೆಯೇ ಒಂದು ಪಟ್ಟಿಗೆ ಹಾಕಿತ್ತು. ಆ ಪಟ್ಟಿ ಹೋಗಿದ್ದು 2022ರ ತಿದ್ದುಪಡಿಯಲ್ಲಿ. ಐವತ್ತು ವರ್ಷ ಹಿಡಿಯಿತು.

ನಾನು ಹೇಳುತ್ತಿರುವುದು ಬೇರೆ ಕಾಗೆ. ಅದು ಊರಿಗೆ ಬರುವುದಿಲ್ಲ. ಬೋರ್ನಿಯೋ, ಸುಮಾತ್ರ, ಜಾವಾ, ಮಲಯ ಪರ್ಯಾಯ ದ್ವೀಪ ಇಷ್ಟು ಅದರ ಸೀಮೆ. ತಗ್ಗು ಪ್ರದೇಶದ ಮಳೆಕಾಡು, ನದಿ ದಂಡೆ, ಸಮುದ್ರ ಸೇರುವಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇವೇ ಅದರ ಮನೆ. ಇಂಗ್ಲಿಷಿನಲ್ಲಿ ಸ್ಲೆಂಡರ್ ಬಿಲ್ಡ್ ಕ್ರೋ ಅನ್ನುತ್ತಾರೆ, ವಿಜ್ಞಾನದವರು ಕಾರ್ವಸ್ ಎಂಕಾ ಅನ್ನುತ್ತಾರೆ. ನಾನು ತೆಳುಕೊಕ್ಕಿನ ಕಾಗೆ ಅನ್ನುತ್ತೇನೆ. 1821ರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಅನ್ನುವ ಪ್ರಕೃತಿ ವಿಜ್ಞಾನಿ ಜಾವಾದ ಈ ಹಕ್ಕಿಯನ್ನು ಮೊದಲ ಸಲ ವಿವರಿಸಿ ಬರೆದಾಗ ಅದರ ಸಪೂರ ಕೊಕ್ಕು ನೋಡಿ ಕಾಗೆಗಳ ಗುಂಪಿಗೇ ಸೇರಿಸಲಿಲ್ಲ. ಹಿಮಾಲಯದ ಕಡೆ ಸಿಗುವ ಚಫ್ ಅನ್ನುವ ಹಕ್ಕಿಗಳ ಸಾಲಿನಲ್ಲಿ ಇಟ್ಟ. ಕಾಗೆಯೇ ಅಂತ ಒಪ್ಪಿಕೊಂಡಿದ್ದು ಆಮೇಲೆ.

ನಾನು ಅದನ್ನು ನೋಡಿದ್ದು ಮಲೇಷ್ಯಾದ ಸಬಾ ರಾಜ್ಯದಲ್ಲಿ. ಸುಕಾವು ಅನ್ನುವ ಹಳ್ಳಿ, ಕಿನಬಟಾಂಗನ್ ನದಿ. ಸುಮಾರು 560 ಕಿಲೋಮೀಟರ್ ಹರಿಯುವ, ಸಬಾದ ಅತಿ ಉದ್ದದ ನದಿ ಅದು. ಅಲ್ಲಿಗೆ ಹೋಗುವವರೆಲ್ಲ ಒರಾಂಗುಟಾನ್, ಉದ್ದ ಮೂಗಿನ ಪ್ರೊಬಾಸಿಸ್ ಕೋತಿ, ಕುಳ್ಳ ಆನೆ ನೋಡಲು ಹೋಗುತ್ತಾರೆ. ಮಂಗಟ್ಟೆ ಹಕ್ಕಿಗಳಂತೂ ಎಂಟು ಜಾತಿ. ದೋಣಿಯಲ್ಲಿ ಕೂತವರ ಕ್ಯಾಮೆರಾಗಳೆಲ್ಲ ಮಂಗಟ್ಟೆ ಕಡೆ ತಿರುಗಿದ್ದವು. ಒಣಗಿದ ಮರದ ತುದಿಯಲ್ಲಿ ಎರಡು ಕಪ್ಪು ಹಕ್ಕಿ ಇದ್ದವು. ಅದೇನು ಅಂತ ಕೇಳಿದೆ. ದೋಣಿಯವನು ತಲೆ ಎತ್ತಿ ನೋಡಿ "ಗಾಗಾಕ್" ಅಂದ. ಮಲಯ ಭಾಷೆಯಲ್ಲಿ ಕಾಗೆ. ಆಮೇಲೆ ಮಂಗಟ್ಟೆ ಕಡೆಗೇ ದೋಣಿ ತಿರುಗಿಸಿದ. ಅವನ ತಪ್ಪೇನಿಲ್ಲ, ಕಾಗೆ ತೋರಿಸು ಅಂತ ಕೇಳುವ ಗಿರಾಕಿ ಅವನಿಗೆ ಸಿಕ್ಕಿರಲಿಕ್ಕಿಲ್ಲ.

ಸ್ವಲ್ಪ ಹೊತ್ತು ನಿಲ್ಲಿಸು ಅಂತ ಬೇಡಿಕೊಂಡೆ. ದುರ್ಬೀನಿನಲ್ಲಿ ನೋಡಿದರೆ ನಮ್ಮ ಊರುಕಾಗೆಗಿಂತ ಕೊಂಚ ದೊಡ್ಡದು. ಕತ್ತಿನಲ್ಲಿ ಬೂದು ಬಣ್ಣ ಇಲ್ಲ, ಮೈಪೂರ್ತಿ ಕಪ್ಪು. ಆದರೆ ಮೊದಲು ಕಣ್ಣಿಗೆ ಹೊಡೆಯುವುದು ಕೊಕ್ಕೇ. ಅಕ್ಕಸಾಲಿಗನ ಇಕ್ಕಳದ ಹಾಗೆ ಉದ್ದ, ಸಪೂರ. ನಮ್ಮ ಕಾಗೆಗಳಿಗೆ ಕೊಕ್ಕಿನ ಬುಡದಲ್ಲಿ ಒರಟು ಗರಿಕೂದಲು ದಟ್ಟವಾಗಿ ಮುಚ್ಚಿಕೊಂಡಿರುತ್ತದಲ್ಲ, ಇದಕ್ಕೆ ಮೇಲಿನ ಏಣು ಬೋಳು. ಒಂದು ಹಕ್ಕಿ ಮರದ ತೊಗಟೆಯ ಸೀಳಿಗೆ ಆ ಕೊಕ್ಕು ತೂರಿಸಿತು. ತಲೆ ಓರೆ ಮಾಡಿತು. ಕಾಲು ಬಡಿಯುತ್ತಿದ್ದ ಏನನ್ನೋ ಎಳೆದು ತೆಗೆಯಿತು. ಇನ್ನೊಂದು ಪಕ್ಕದ ಕೊಂಬೆಯಿಂದಲೇ "ಆಕ್, ಆಕ್" ಅಂತು. ಒಣಗಿದ, ಮೊಟಕು ದನಿ. ನಮ್ಮ ಕಾಗೆಯ ಜಗಳಗಂಟ ಕೂಗಲ್ಲ. ನಂತರ ಎರಡೂ ಎದ್ದವು. ರೆಕ್ಕೆಯನ್ನು ಪೂರ್ತಿ ಮೇಲೆತ್ತದೆ, ಪಟಪಟನೆ ಸಣ್ಣಗೆ ಬಡಿಯುತ್ತ ಕಾಡಿನ ಮೇಲೆ ಹೋದವು.

ಕೀಟ, ಹುಳು, ಸಣ್ಣ ಹಲ್ಲಿ, ಕಪ್ಪೆ, ಹಣ್ಣು ಅದರ ಊಟ. ಜೋಡಿಯಾಗಿ ಅಥವಾ ಚಿಕ್ಕ ಗುಂಪಾಗಿ ತಿರುಗುತ್ತದೆ. ಅದರ ಗೂಡು, ಮರಿ, ಸಂಸಾರದ ಬಗ್ಗೆ ಪುಸ್ತಕಗಳಲ್ಲಿ ಸಿಗುವುದು ಕೆಲವೇ ಸಾಲು. ಅದಕ್ಕೆ ಕಾಡಂಚಿನ ತೋಟಕ್ಕೆ ಬಂದು ಹೋಗುವ ಅಭ್ಯಾಸವೂ ಇದೆ, ಮುಚ್ಚಿಡುವುದಿಲ್ಲ. ಆದರೆ ಕಾಡು ಹತ್ತಿರವಿದ್ದರೆ ತಾನೇ ಅಂಚು ಅಂತ ಒಂದಿರುವುದು?

ಆ ಕಾಡು ಎಷ್ಟಿದೆ ಅಂತ ದೋಣಿಯಿಂದ ಗೊತ್ತಾಗುವುದಿಲ್ಲ. ನೀರಿನ ಮಟ್ಟದಿಂದ ನೋಡಿದರೆ ಎರಡೂ ದಂಡೆ ಹಸಿರು ಗೋಡೆ. ದಂಡೆ ಹತ್ತಿ ಸ್ವಲ್ಪ ನಡೆಯಿರಿ. ಕೆಲವು ಕಡೆ ಆ ಗೋಡೆ ಮುಗಿದೇ ಹೋಗುತ್ತದೆ. ಆಚೆ ತಾಳೆ. ಸಾಲು, ಸಾಲು, ಸಾಲು. ಕೆಳಗೆ ಕತ್ತರಿಸಿದ ಸೋಗೆ ಒಟ್ಟಿದ್ದಾರೆ. ಹಕ್ಕಿ ದನಿ ಇಲ್ಲ ಅನ್ನುವಷ್ಟು ಕಮ್ಮಿ. ಮೂರು ಮೀಟರಿಗಿಂತ ಅಗಲದ ನದಿ, ಹಳ್ಳಗಳ ದಂಡೆಯಲ್ಲಿ 20 ಮೀಟರ್ ಬಿಡಬೇಕು ಅಂತ ಸಬಾದಲ್ಲಿ 1998ರ ಜಲ ಕಾನೂನೇ ಇದೆ. ಇಪ್ಪತ್ತು ಮೀಟರ್ ಅಂದರೆ ಎಷ್ಟು? ಒಂದು ಬಿಎಂಟಿಸಿ ಬಸ್ಸಿನ ಹಿಂದೆ ಇನ್ನೊಂದು ನಿಂತರೆ ಮುಗಿಯಿತು. ದಂಡೆಯಲ್ಲಿ ಉಳಿಸಿದ ಇಂಥ ಕಾಡುಪಟ್ಟಿಗಳ ಹಕ್ಕಿಗಳನ್ನು ಸಬಾದಲ್ಲೇ ಲೆಕ್ಕ ಹಾಕಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಳಗಾಡಿನ ಹೊಳೆ ದಂಡೆಯಲ್ಲಿ ಇರುವಷ್ಟೇ ಬಗೆಬಗೆಯ ಹಕ್ಕಿ ಬೇಕು ಅಂದರೆ ಒಂದೊಂದು ಬದಿಯಲ್ಲೂ ಕನಿಷ್ಠ 40 ಮೀಟರ್ ಬೇಕು ಅಂದಿತು ಅದು. ಕಾನೂನಿನಲ್ಲಿರುವುದು ಅದರ ಅರ್ಧ.

ಬೋರ್ನಿಯೋ ದ್ವೀಪದ ಮುಕ್ಕಾಲು ಭಾಗ 1973ರಲ್ಲಿ ಕಾಡೇ ಇತ್ತು. ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದವರ ಪ್ರಕಾರ 2010ರ ಹೊತ್ತಿಗೆ ಆ ಕಾಡಿನಲ್ಲಿ ಸುಮಾರು ಶೇ 30 ಹೋಗಿತ್ತು. ಮೊದಲು ಮರಕ್ಕಾಗಿ ಕಡಿದರು, ಬೆಂಕಿ ಬಿತ್ತು, ಆಮೇಲೆ ಬಹಳ ಕಡೆ ತಾಳೆ ಬಂತು. ಕೆಳ ಕಿನಬಟಾಂಗನ್‌ನಲ್ಲಿ ಉಳಿದಿದ್ದರಲ್ಲಿ ಸುಮಾರು 26 ಸಾವಿರ ಹೆಕ್ಟೇರನ್ನು 2005ರಲ್ಲಿ ಅಭಯಾರಣ್ಯ ಅಂತ ಘೋಷಿಸಿದರು. ಅದೂ ಒಂದೇ ತುಂಡಲ್ಲ, ನದಿಯ ಉದ್ದಕ್ಕೂ ಚೂರುಚೂರು. ಕೆಳಗೆ ಸಮುದ್ರದ ಹತ್ತಿರ ಕಾಂಡ್ಲಾ ಕಾಡು, ನಿಪಾ ಅನ್ನುವ ಕಾಡುತಾಳೆಯ ಜೌಗು. ಅಲ್ಲಿನ 78 ಸಾವಿರ ಹೆಕ್ಟೇರಿಗೂ ಹೆಚ್ಚು ಜಾಗಕ್ಕೆ 2008ರಲ್ಲಿ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ ಸಿಕ್ಕಿತು. ನಮ್ಮ ಕುಮಟಾ ಕಡೆಯ ಅಘನಾಶಿನಿ ಅಳಿವೆಗೆ 2024ರಲ್ಲಿ ಸಿಕ್ಕಿದ್ದೂ ಅದೇ ಪಟ್ಟ. ಅಘನಾಶಿನಿಯಲ್ಲಿ ಚಿಪ್ಪು ಹೆಕ್ಕುವವರನ್ನು ಕೇಳಿದರೆ ಕಾಂಡ್ಲಾ ಹೋದರೆ ಏನೇನು ಹೋಗುತ್ತದೆ ಅಂತ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಈ ಕಾಗೆ ನಾಳೆಯೇ ಅಳಿದುಹೋಗುತ್ತದೆ ಅಂತ ಹೆದರಿಸಲು ಬಂದಿಲ್ಲ. ಇವತ್ತು ಕಿನಬಟಾಂಗನ್‌ಗೆ ಹೋದರೆ ನಿಮಗೂ ಸಿಕ್ಕೀತು. ಆದರೆ ಇದರ ನೆಂಟರ ಕಥೆ ಕೇಳಿ. ಇಂಡೊನೇಷ್ಯಾದ ಸುಲಾವೆಸಿ ಪಕ್ಕ ಬಂಗಾಯಿ ಅನ್ನುವ ದ್ವೀಪಗಳಿವೆ. ಅಲ್ಲಿನ ಕಾಗೆ ಅಂದರೆ 1880ರ ದಶಕದಲ್ಲಿ ಸಿಕ್ಕಿದ ಎರಡು ಒಣಗಿದ ಚರ್ಮ, ಅಷ್ಟೇ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಖಚಿತ ಸುಳಿವೇ ಇಲ್ಲ. ಕೊನೆಗೆ 2007-08ರಲ್ಲಿ ಸಂಶೋಧಕ ಮೊಹಮದ್ ಇಂದ್ರವಾನ್ ಮತ್ತು ಜೊತೆಗಾರರು ಪೆಲೆಂಗ್ ದ್ವೀಪದಲ್ಲಿ ಅದು ಇನ್ನೂ ಬದುಕಿದೆ ಅಂತ ತೋರಿಸಿದರು. ಹವಾಯಿಯ ಅಲಾಲಾ ಕಾಗೆ 2002ರ ನಂತರ ಕಾಡಿನಲ್ಲಿ ಕಾಣಲೇ ಇಲ್ಲ, ಪಂಜರದಲ್ಲಿ ಮರಿ ಮಾಡಿಸಿ ಮತ್ತೆ ಬಿಡುವ ಪಾಡು ಇವತ್ತಿಗೂ ನಡೆಯುತ್ತಿದೆ. ಗುವಾಮ್ ದ್ವೀಪದ ಕಾಡಿನಿಂದ ಮರಿಯಾನಾ ಕಾಗೆ ಪೂರ್ತಿ ಹೋಗಿದೆ. ಅದನ್ನು ಮುಗಿಸಿದ್ದರಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬಂದಿಳಿದ ಒಂದು ಜಾತಿಯ ಹಾವಿನದು. ದ್ವೀಪದ ಕಾಗೆಗಳು ನಮ್ಮ ಬೀದಿಯ ಕಾಗೆಯ ಹಾಗೆ ಗಟ್ಟಿಪಿಂಡಗಳಲ್ಲ.

ಇನ್ನೂ ಒಂದು ವಿಷಯ. ಹಿಂದೆ ಫಿಲಿಪ್ಪೀನ್ಸಿನ ಪಲಾವಾನ್, ಲುಜಾನ್, ಸಮಾರ್, ಮತ್ತೆ ಸುಲಾವೆಸಿಯ ಕಾಗೆಗಳನ್ನೂ ಈ ತೆಳುಕೊಕ್ಕಿನ ಕಾಗೆಯ ಲೆಕ್ಕಕ್ಕೇ ಹಾಕುತ್ತಿದ್ದರು. ಈಗ ಹಲವು ತಜ್ಞರು ಅವನ್ನು ಬೇರೆ ಬೇರೆ ಜಾತಿ ಅಂತ ಎಣಿಸುತ್ತಾರೆ. ಹಾಗಾದಾಗ ಒಂದೊಂದರ ಪಾಲಿಗೂ ಉಳಿಯುವುದು ಚಿಕ್ಕ ಜಾಗ. ದೊಡ್ಡ ಸೀಮೆಯಲ್ಲಿ ಹರಡಿದೆ, ಏನೂ ಆಗಲ್ಲ ಬಿಡಿ ಅನ್ನುತ್ತಿದ್ದ ಮಾತು ಅಲ್ಲಿಗೆ ಬಿದ್ದುಹೋಯಿತು.

ತೋಟಕ್ಕೂ ಕಾಗೆಗೂ ಆ ಕಡೆ ಹಳೇ ನಂಟು ಇದೆ. 1890ರ ದಶಕದಲ್ಲಿ ಮಲಯದ ಕ್ಲಾಂಗ್ ಹತ್ತಿರ ಕಾಫಿ ತೋಟಗಳಿದ್ದವು. ಕಾಫಿಗೆ ಕಂಬಳಿಹುಳು ಬಿತ್ತು. ಹುಳು ತಿನ್ನಲಿ ಅಂತ ಸಿಲೋನಿನಿಂದ ನಮ್ಮ ಊರುಕಾಗೆಯನ್ನು ತರಿಸಿದರು. ಕಾಫಿ ಹೋಯಿತು, ಕಾಗೆ ಉಳಿಯಿತು. ಈಗ ಅಲ್ಲಿನ ನಗರಸಭೆಯವರು ಬಂದೂಕು ಹಿಡಿದು ಅವನ್ನು ಹೊಡೆಸುತ್ತಾರೆ. ಮಲೇಷ್ಯಾದ ಪೇಟೆಯವರಿಗೆ ಕಾಗೆ ಅಂದರೆ ಈ ಬೂದುಕತ್ತಿನ ಪೀಡೆಯೇ. ಕಾಡಿನಲ್ಲಿ ತಮ್ಮದೇ ಒಂದು ಕಾಗೆ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಬೆಳೆ ನಮ್ಮ ಕಾಗೆಯನ್ನು ಅವರ ಊರಿಗೆ ಕರೆತಂತು, ಇನ್ನೊಂದು ಬೆಳೆ ಅವರ ಕಾಗೆಯ ಜಾಗ ತಿಂದಿತು.

ಆ ಇನ್ನೊಂದು ಬೆಳೆಯೂ ಅಲ್ಲಿಯದಲ್ಲ. ಎಣ್ಣೆ ತಾಳೆಯ ತವರು ಪಶ್ಚಿಮ ಆಫ್ರಿಕಾ. 1848ರಲ್ಲಿ ಜಾವಾದ ಬೊಗೋರ್ ಸಸ್ಯತೋಟಕ್ಕೆ ನಾಲ್ಕು ಸಸಿ ಬಂದವು. 1917ರಲ್ಲಿ ಸೆಲಂಗೋರ್‌ನಲ್ಲಿ ಮೊದಲ ವ್ಯಾಪಾರಿ ತೋಟ ಎದ್ದಿತು. ಆದರೂ ಬಹಳ ಕಾಲ ಹೂವಿಗೆ ಪರಾಗ ಹಾಕಲು ಜನವನ್ನೇ ಇಟ್ಟುಕೊಳ್ಳಬೇಕಿತ್ತು. 1981ರಲ್ಲಿ ಕ್ಯಾಮರೂನಿನಿಂದ ಒಂದು ಮೂತಿಹುಳುವನ್ನು ತಂದು ಬಿಟ್ಟರು. ಆ ಕೆಲಸವನ್ನು ಹುಳು ಪುಕ್ಕಟೆ ಮಾಡಿತು, ಇಳುವರಿ ಏರಿತು. ಒಂದು ಪುಟಾಣಿ ಹುಳು ಇಷ್ಟೆಲ್ಲ ಮಾಡುತ್ತದೆ ಅಂತ ಯಾರು ಎಣಿಸಿದ್ದರು!

ಇಷ್ಟು ಓದಿ, ಓಹೋ, ತಾಳೆ ಎಣ್ಣೆ ಬಿಡಿ ಅಂತಾನೆ ಇವನು ಅಂದುಕೊಂಡಿರಬಹುದು. ಇಲ್ಲ. ಒಂದು ಹೆಕ್ಟೇರ್ ತಾಳೆ ವರ್ಷಕ್ಕೆ ಮೂರರಿಂದ ನಾಲ್ಕು ಟನ್ ಎಣ್ಣೆ ಕೊಡುತ್ತದೆ. ಸೂರ್ಯಕಾಂತಿ, ಶೇಂಗಾ ಆದರೆ ಒಂದು ಟನ್ ಮುಟ್ಟುವುದೂ ಕಷ್ಟ. ನೀವೆಲ್ಲ ನಾಳೆ ತಾಳೆ ಬಿಟ್ಟು ಬೇರೆ ಎಣ್ಣೆ ಹಿಡಿದರೆ ಅಷ್ಟು ಎಣ್ಣೆಗೆ ಇನ್ನೂ ಜಾಸ್ತಿ ಭೂಮಿ ಬೇಕು. ಆ ಭೂಮಿ ಇನ್ಯಾವುದೋ ಹಕ್ಕಿಯದ್ದಾಗಿರುತ್ತದೆ. ನಮ್ಮ ಬಡವರ ಅಡುಗೆಮನೆಗೂ ಇದು ಬೇಕಾದ ಎಣ್ಣೆ. ಅನ್ನಭಾಗ್ಯದಲ್ಲಿ ಕೆಲವು ವರ್ಷ ಲೀಟರಿಗೆ 25 ರೂಪಾಯಿಯಂತೆ ರೇಷನ್ ಅಂಗಡಿಯಲ್ಲಿ ಕೊಟ್ಟಿದ್ದೂ ತಾಳೆ ಎಣ್ಣೆಯನ್ನೇ ಅಲ್ವಾ? ಹಾಗಾಗಿ "ಪಾಮ್ ಆಯಿಲ್ ಇಲ್ಲ" ಅಂತ ಹಸಿರು ಎಲೆಯ ಚಿತ್ರ ಹಾಕಿ ಮಾರುವವರನ್ನು ನೋಡಿದರೂ ನನಗೆ ಅಷ್ಟೇನೂ ಖುಷಿಯಾಗುವುದಿಲ್ಲ. ಅದರ ಬದಲು ಏನು ಹಾಕಿದ್ದಾರೆ, ಅದು ಎಲ್ಲಿಯದು ಅಂತ ಅವರೂ ಹೇಳುವುದಿಲ್ಲ.

ನನ್ನ ತಕರಾರು ಎಣ್ಣೆ ಮೇಲಲ್ಲ, ಊರು ಪತ್ತೆ ಇಲ್ಲದ ಎಣ್ಣೆ ಮೇಲೆ.

ಈಚಿನ ವರ್ಷಗಳಲ್ಲಿ ಭಾರತ ವರ್ಷಕ್ಕೆ ಸುಮಾರು 75-100 ಲಕ್ಷ ಟನ್ ತಾಳೆ ಎಣ್ಣೆ ತರಿಸಿಕೊಂಡಿದೆ. ಅದರಲ್ಲಿ ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾದ್ದು. ಜಗತ್ತಿನಲ್ಲೇ ನಾವು ಬಹಳ ದೊಡ್ಡ ಗಿರಾಕಿ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ಮೂರು ವಾರದ ಮಟ್ಟಿಗೆ ರಫ್ತು ನಿಲ್ಲಿಸಿದ್ದು ನಿಮಗೆ ನೆನಪಿರಬೇಕು. ಎಣ್ಣೆ ರೇಟು ನೋಡಿ ಎಷ್ಟು ಬೇಕರಿಯವರು ತಲೆ ಮೇಲೆ ಕೈ ಹೊತ್ತುಕೊಂಡಿದ್ದರು! ಅಂದರೆ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ರೇಟು ಏರಿದಾಗ ನಮಗೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಪ್ಯಾಕೆಟ್ ಅಚ್ಚು ಹಾಕುವಾಗ ಮಾತ್ರ ಮರೆತುಹೋಗುತ್ತದೆ.

ನಿಮ್ಮ ಪ್ಯಾಕೆಟ್ಟಿನ ಹಿಂದೆ ಇರುವುದು ಇಷ್ಟು: "ಖಾದ್ಯ ಸಸ್ಯಜನ್ಯ ಎಣ್ಣೆ, ಪಾಮೋಲಿನ್". ಎಣ್ಣೆಯ ಹೆಸರು ಇದೆ, ಊರಿಲ್ಲ. ಆಲೂಗಡ್ಡೆ ಯಾವ ಹೊಲದ್ದು ಅಂತ ಜಾಹೀರಾತಿನಲ್ಲಿ ರೈತರ ಮುಖ ತೋರಿಸುತ್ತೀರಿ. ಕಾಫಿಗೆ ಚಿಕ್ಕಮಗಳೂರು, ಮೆಣಸಿನಕಾಯಿಗೆ ಬ್ಯಾಡಗಿ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಎಣ್ಣೆಯ ವಿಷಯ ಬಂದಾಗ ಮಾತ್ರ ಬಾಯಿಗೆ ಬೀಗ.

ಪತ್ತೆ ಮಾಡಲು ಆಗುವುದಿಲ್ಲ ಅಂತ ಹೇಳಬೇಡಿ. ತಾಳೆ ಬೆಳೆದವರಿಗೆ ಒಂದು ವಿಷಯ ಗೊತ್ತು. ಗೊನೆ ಕಡಿದ ಮೇಲೆ ಸುಮ್ನೆ ಇಟ್ಟುಕೊಂಡು ಕೂರುವ ಹಾಗಿಲ್ಲ. ಒಂದು ದಿನದೊಳಗೆ, ತಪ್ಪಿದರೆ ಎರಡು ದಿನದೊಳಗೆ ಮಿಲ್ಲಿಗೆ ಹೋಗಬೇಕು. ತಡವಾದಷ್ಟೂ ಹಣ್ಣಿನಲ್ಲಿ ಆಮ್ಲ ಏರಿ ಎಣ್ಣೆ ಕೆಡುತ್ತದೆ. ಭದ್ರಾ ಅಚ್ಚುಕಟ್ಟಿನಲ್ಲಿ ತಾಳೆ ಹಾಕಿದ ರೈತರನ್ನು ಕೇಳಿ ನೋಡಿ, ಗೊನೆ ಒಯ್ಯುವ ಗಾಡಿ ಬರುವುದು ತಡವಾದರೆ ಅವರು ಹೇಗೆ ಚಡಪಡಿಸುತ್ತಾರೆ ಅಂತ. ಬೋರ್ನಿಯೋದಲ್ಲೂ ಅದೇ ಹಣ್ಣು, ಅದೇ ಗಡಿಬಿಡಿ. ಆದ್ದರಿಂದ ಮಿಲ್ಲು ಯಾವಾಗಲೂ ತೋಟದ ಹತ್ತಿರವೇ ಇರುತ್ತದೆ. ಮಿಲ್ಲಿನ ಹೆಸರು ಗೊತ್ತಾದರೆ ಅದರ ಸುತ್ತಲಿನ ತೋಟ, ಕಾಡು, ನದಿ ಯಾವುದು ಅಂತ ಊಹಿಸಬಹುದು. ಸುತ್ತ ಕಳೆದ ಹತ್ತು ವರ್ಷದಲ್ಲಿ ಎಷ್ಟು ಕಾಡು ಹೋಯಿತು ಅಂತ ಉಪಗ್ರಹ ನಕ್ಷೆಯಲ್ಲಿ ಮನೆಯಲ್ಲೇ ಕೂತು ಯಾರು ಬೇಕಾದರೂ ನೋಡಬಹುದು. ಹಡಗು ಹತ್ತುವ ಮುಂಚೆ ಎಣ್ಣೆಗಳೆಲ್ಲ ಬೆರೆಯುತ್ತವೆ, ನಿಜ. ಬೆರೆಸುವವರ ಹತ್ತಿರ ಮಿಲ್ಲುಗಳ ಪಟ್ಟಿ ಇರುತ್ತದೆ. ದೊಡ್ಡ ಅಂತರರಾಷ್ಟ್ರೀಯ ಕಂಪನಿಗಳು ಅಂಥ ಪಟ್ಟಿಯನ್ನು ವೆಬ್‌ಸೈಟಿನಲ್ಲೇ ಹಾಕಿವೆ.

ಯುರೋಪಿನವರು 2023ರಲ್ಲಿ ಒಂದು ಕಾನೂನು ಮಾಡಿದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ತಾಳೆ, ಕಾಫಿ, ಕೋಕೋ, ರಬ್ಬರ್ ಒಳಗೆ ಬಿಡುವ ಹಾಗಿಲ್ಲ. ತೋಟ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಸಮೇತ ಕೊಡಬೇಕು. ಜಾರಿ ಮತ್ತೆ ಮತ್ತೆ ಮುಂದೆ ಹೋಗಿದೆ, ಚಿಕ್ಕ ರೈತರಿಗೆ ಕಷ್ಟವಾಗುತ್ತದೆ ಅನ್ನುವ ದೂರೂ ಇದೆ. ಆ ದೂರು ಸುಳ್ಳಲ್ಲ. ನಮ್ಮ ಕೊಡಗಿನ ಕಾಫಿ ಬೆಳೆಗಾರರಿಗೂ ಅದೇ ತಲೆನೋವು. ಆದರೆ ನನ್ನ ಭಯ ಬೇರೆ. ಲೆಕ್ಕ ಸರಿ ಇರುವ ಎಣ್ಣೆಯೆಲ್ಲ ಅತ್ತ ಹೋಗಿ, ಯಾರೂ ಏನೂ ಕೇಳದ ಎಣ್ಣೆ ಇತ್ತ ಬಂದರೆ? ಕೇಳುವವರಿಗೆ ಒಂದು ಮಾಲು, ಕೇಳದವರಿಗೆ ಇನ್ನೊಂದು. ಬಜಾರಿನ ಪದ್ಧತಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇದನ್ನೆಲ್ಲ ಸುಮ್ಮನೆ ಬೀದಿಗೆ ಬಂದು ಕೂಗುತ್ತಿಲ್ಲ. ನಿಮ್ಮಲ್ಲೇ ಒಬ್ಬರಿಗೆ ಮೊದಲು ಇಮೇಲ್ ಹಾಕಿದ್ದೆ. ಹೆಸರು ಬೇಡ. "ನಮ್ಮ ಎಲ್ಲ ಉತ್ಪನ್ನಗಳೂ ಕಾನೂನಿನ ಪ್ರಕಾರವೇ ಇವೆ, ನಿಮ್ಮ ಕಾಳಜಿಗೆ ಧನ್ಯವಾದ" ಅಂತ ಉತ್ತರ ಬಂತು. ಜೊತೆಗೆ ಹೊಸ ರುಚಿಯ ಪ್ಯಾಕೆಟ್ಟಿಗೆ ಒಂದು ಡಿಸ್ಕೌಂಟ್ ಕೂಪನ್. ಕೇಳಿದ್ದು ಮಿಲ್ಲಿನ ಹೆಸರು, ಕೊಟ್ಟಿದ್ದು ಪೆರಿಪೆರಿ.

ಕೇಳಿದರೆ ಏನಾಗುತ್ತದೆ ಅನ್ನುವವರಿಗೆ ಕಿನಬಟಾಂಗನ್‌ನದ್ದೇ ಉದಾಹರಣೆ ಇದೆ. ಸುಕಾವಿನ ಹತ್ತಿರ ನದಿಗೆ ಸೇತುವೆ, ಅಭಯಾರಣ್ಯದ ಮಧ್ಯೆ ರಸ್ತೆ ಅಂತ ಯೋಜನೆ ಬಂದಿತ್ತು. ಊರಿನ ಸಂರಕ್ಷಣಾ ತಂಡಗಳು, ವಿಜ್ಞಾನಿಗಳು ಬೇಡ ಅಂದರು. ವನ್ಯಜೀವಿ ಸಾಕ್ಷ್ಯಚಿತ್ರಗಳ ಡೇವಿಡ್ ಅಟೆನ್‌ಬರೋ ಕೂಡ ದನಿಗೂಡಿಸಿದರು. 2017ರಲ್ಲಿ ಸಬಾ ಸರ್ಕಾರ ಯೋಜನೆ ಕೈಬಿಟ್ಟಿತು. ನಾನು ಅಟೆನ್‌ಬರೋ ಅಲ್ಲ, ಗೊತ್ತು. ಆದರೆ ನಾನು ದುಡ್ಡು ಕೊಟ್ಟು ನಿಮ್ಮ ಚಿಪ್ಸ್ ತಿನ್ನುವವನು. ಅವರಿಗೆ ಆ ಹಕ್ಕಿಲ್ಲ.

ಈಗ ಕೆಲಸದ ಮಾತು. ಪ್ಯಾಕೆಟ್ ಮೇಲೆ ಈಗಾಗಲೇ ಒಂದು ಕ್ಯೂಆರ್ ಕೋಡ್ ಇದೆ. ಕ್ರಿಕೆಟ್ ಟಿಕೆಟ್ ಗೆಲ್ಲುವ ಸ್ಪರ್ಧೆಗೆ ಹೋಗುತ್ತದೆ ಅದು. ಅದರ ಜೊತೆ ಇನ್ನೊಂದು ಕೊಂಡಿ ಸೇರಿಸಿ. ಈ ವರ್ಷ ನೀವು ಕೊಂಡ ತಾಳೆ ಎಣ್ಣೆ ಯಾವ ದೇಶದ್ದು, ಯಾವ ಮಿಲ್ಲುಗಳದ್ದು, ಅದರಲ್ಲಿ ಎಷ್ಟು ಪಾಲಿಗೆ ಆರ್‌ಎಸ್‌ಪಿಒ (ಪರಿಸರಕ್ಕೆ ಹಾನಿಯಾಗದಂತೆ ಬೆಳೆದ ತಾಳೆ ಎಣ್ಣೆ ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ) ಅಥವಾ ಅಂಥದ್ದೇ ಪ್ರಮಾಣಪತ್ರ ಇದೆ ಅಂತ ಅಲ್ಲಿ ಹಾಕಿ. ಪ್ರಮಾಣಪತ್ರ ಸಿಕ್ಕಿದ ಕೂಡಲೇ ಎಲ್ಲ ಸರಿ ಅಂತ ನಾನು ನಂಬುವುದಿಲ್ಲ, 2004ರಿಂದ ಇರುವ ಆ ವ್ಯವಸ್ಥೆಯ ಮೇಲೂ ದೂರುಗಳಿವೆ. ಅದಕ್ಕೇ ಮಿಲ್ಲಿನ ಪಟ್ಟಿಯನ್ನು ಮೊದಲು ಕೇಳಿದ್ದು. ಚಿಕ್ಕ ಕಾರ್ಖಾನೆಯವರು ಡೀಲರಿಂದ ಡಬ್ಬ ಲೆಕ್ಕದಲ್ಲಿ ಕೊಳ್ಳುತ್ತೀರಿ, ನಿಮಗೆ ಮಿಲ್ಲಿನ ಹೆಸರು ಯಾರು ಹೇಳುತ್ತಾರೆ? ಯಾವ ರಿಫೈನರಿಯ ಡಬ್ಬ ಅಂತ ಹೇಳಿ ಸಾಕು. ಮುಂದಿನ ಪ್ರಶ್ನೆ ಅವರಿಗೆ ಹೋಗುತ್ತದೆ.

ಎಲ್ಲ ಗೊತ್ತಾಗುವವರೆಗೂ ಕಾಯುವುದೂ ಬೇಡ. ಅರ್ಧ ಪಟ್ಟಿ ಹಾಕಿ, ಉಳಿದ ಅರ್ಧ ಗೊತ್ತಿಲ್ಲ ಅಂತ ಬರೆಯಿರಿ. ಅಷ್ಟು ಬರೆದವರ ಪ್ಯಾಕೆಟ್ಟನ್ನೇ ನಾನು ಮೊದಲು ಕೊಳ್ಳುತ್ತೇನೆ.

ದೀಪಾವಳಿಯ ಹೊಸ ಪ್ಯಾಕೆಟ್ಟುಗಳ ವಿನ್ಯಾಸ ತಿಂಗಳುಗಟ್ಟಲೆ ಮೊದಲೇ ಅಚ್ಚಿಗೆ ಹೋಗುತ್ತದೆ ಅಂತ ಕೇಳಿದ್ದೇನೆ. ಅದಕ್ಕೆ ಮುಂಚೆ ನಿಮ್ಮಲ್ಲಿ ಎಣ್ಣೆ ಕೊಳ್ಳುವ ಮ್ಯಾನೇಜರ್ ಒಬ್ಬರು ಸಪ್ಲೈಯರಿಗೆ ಫೋನ್ ಮಾಡಿ ಈ ಪಟ್ಟಿ ತರಿಸಿಕೊಳ್ಳಲಿ. ಸಿಕ್ಕಿದ ಉತ್ತರ ಏನೇ ಇರಲಿ, ಹಾಗೇ ಹಾಕಿಬಿಡಿ. ಈ ಸಲ ಕೂಪನ್ ಬೇಡ.

ಇಂತಿ,
ನಿಮ್ಮ ಒಬ್ಬ ಗಿರಾಕಿ, ಬೆಂಗಳೂರು